ಎಳೆಯ ಶಿಶುಗಳ ಮೂತ್ರಮಾರ್ಗದ ಹಿಗ್ಗುವಿಕೆ: ಅಲ್ಟ್ರಾಸೌಂಡ್ ಪರೀಕ್ಷೆ ಮತ್ತು ಅದರ ವರ್ಗೀಕರಣದ ಚರಿತ್ರೆ

ವೈದ್ಯಶಾಸ್ತ್ರಕ್ಕೆ ಸೇರಿದ ವಿಷಯವೊಂದನ್ನು ಇತಿಹಾಸದ ಅಭ್ಯಾಸಿಗಳಾದ ನಾವು ಎತ್ತಿಕೊಂಡಿರುವುದು ಕೆಲವು ವಾಚಕರಿಗೆ ಆಶ್ಚರ್ಯವನ್ನುಂಟುಮಾಡಬಹುದು. ಆದರೆ ಸಾಕ್ಷ್ಯವನ್ನು ಓದುವ ಬಗೆ ಯಾವುದು, ಓದಿದುದಕ್ಕೆ ಯಾವ ಹೆಸರನ್ನಿಡಬೇಕು, ಹಾಗೆ ಇಟ್ಟ ಹೆಸರು ಮುಂದೆ ಎಂತಹ ಕಾರ್ಯಗಳಿಗೆ ಕಾರಣವಾಗುತ್ತದೆ ಎಂಬ ಪ್ರಶ್ನೆಗಳು ಶಿಲಾಶಾಸನವನ್ನು ಓದುವವನಿಗೆ ಹೇಗೋ ಶಿಶುವಿನ ಮೂತ್ರಪಿಂಡದ ಚಿತ್ರವನ್ನು ಓದುವವನಿಗೂ ಹಾಗೆಯೇ ಎದುರಾಗುತ್ತವೆ. ಹುಟ್ಟಿ ಕೆಲವೇ ದಿನಗಳಾದ ಮಗುವಿನ ಮೂತ್ರಮಾರ್ಗ ಹಿಗ್ಗಿದೆಯೇ, ಹಿಗ್ಗಿದ್ದರೆ ಎಷ್ಟು, ಅದರ ಅರ್ಥವೇನು ಎಂಬುದನ್ನು ಅಲ್ಟ್ರಾಸೌಂಡ್ ಪರೀಕ್ಷೆಯಿಂದ ನಿರ್ಣಯಿಸುವ ಪದ್ಧತಿ ಬೆಳೆದುಬಂದ ಬಗೆಯನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ಈ ಚರಿತ್ರೆಯಲ್ಲಿ ಯಂತ್ರದ ಪ್ರಗತಿಯಷ್ಟೇ ಮುಖ್ಯವಾದುದು ಶಬ್ದಗಳ ಇತ್ಯರ್ಥ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಶರೀರರಚನೆಯನ್ನು ಸಂಕ್ಷೇಪವಾಗಿ ಹೇಳಬೇಕು. ಮೂತ್ರಪಿಂಡದಲ್ಲಿ ಉತ್ಪತ್ತಿಯಾದ ಮೂತ್ರವು ಸಣ್ಣ ಬಟ್ಟಲುಗಳಂತಿರುವ ಕ್ಯಾಲಿಕ್ಸ್‌ಗಳಲ್ಲಿ ಮೊದಲು ಬೀಳುತ್ತದೆ. ಅಲ್ಲಿಂದ ಆಲಿಕೆಯ ಆಕಾರದ ಪೆಲ್ವಿಸ್ ಎಂಬ ಕುಹರವನ್ನು ಸೇರಿ, ಮೂತ್ರನಾಳದ ಮೂಲಕ ಮೂತ್ರಕೋಶಕ್ಕೆ ಇಳಿದು, ಕಡೆಗೆ ಹೊರನಾಳದಿಂದ ವಿಸರ್ಜಿತವಾಗುತ್ತದೆ. ಈ ಮಾರ್ಗದ ಯಾವುದಾದರೂ ಭಾಗ ಸಹಜಕ್ಕಿಂತ ಅಗಲವಾಗಿದ್ದರೆ ಅದನ್ನು ಹಿಗ್ಗುವಿಕೆ ಎನ್ನುತ್ತೇವೆ. ಪೆಲ್ವಿಸ್ಸು ಮೂತ್ರನಾಳವನ್ನು ಕೂಡುವೆಡೆ ಕಿರಿದಾಗಿರುವುದು, ಮೂತ್ರಕೋಶದಿಂದ ಮೂತ್ರವು ಹಿಂದಕ್ಕೆ ಹರಿಯುವುದು, ಗಂಡುಮಕ್ಕಳ ಹೊರನಾಳದ ಹಿಂಭಾಗದಲ್ಲಿ ಪೊರೆಯಂತಹ ಕವಾಟಗಳಿರುವುದು ಇವು ಅದರ ಕಾರಣಗಳಲ್ಲಿ ಕೆಲವು. ಆದರೆ ಬಹುಪಾಲು ಶಿಶುಗಳಲ್ಲಿ ಇವಾವುವೂ ಇರುವುದಿಲ್ಲ. ಹಿಗ್ಗು ಕಾಲಕ್ರಮದಲ್ಲಿ ತಾನಾಗಿಯೇ ಇಳಿದುಹೋಗುತ್ತದೆ. ಕಾಲುವೆ ಅಗಲವಾಗಿದೆಯೆಂದ ಮಾತ್ರಕ್ಕೆ ಕೆಳಗೆಲ್ಲೋ ನೀರು ಕಟ್ಟಿಕೊಂಡಿದೆಯೆಂದು ಹೇಳಲಾಗದಷ್ಟೆ.

ಹಿಂದಿನ ಕಾಲದಲ್ಲಿ ಈ ವಿಕಾರವು ಬೆಳಕಿಗೆ ಬರುತ್ತಿದ್ದುದು ರೋಗ ಬಲಿತ ಮೇಲೆ. ಮಗುವಿಗೆ ಕಾರಣ ತಿಳಿಯದ ಜ್ವರ ಬರಬೇಕು, ಇಲ್ಲವೆ ಹೊಟ್ಟೆಯಲ್ಲಿ ಗಡ್ಡೆಯೊಂದು ಕೈಗೆ ಸಿಕ್ಕಬೇಕು; ಆಗ ವೈದ್ಯನು ಹುಡುಕಲು ತೊಡಗುತ್ತಿದ್ದನು. ೧೮೯೫ರಲ್ಲಿ ರಾಂಟ್ಜನ್ ಕ್ಷ-ಕಿರಣಗಳನ್ನು ಕಂಡುಹಿಡಿದ ಮೇಲೂ ಮೂತ್ರಮಾರ್ಗವು ಸುಲಭವಾಗಿ ಗೋಚರಿಸಲಿಲ್ಲ. ಅಮೆರಿಕದ ತರುಣ ವೈದ್ಯ ಮೋಸೆಸ್ ಸ್ವಿಕ್ ೧೯೨೯ರಲ್ಲಿ ಬರ್ಲಿನ್ನಿನಲ್ಲಿ ಕೆಲಸಮಾಡುತ್ತಿದ್ದಾಗ, ರಕ್ತನಾಳಕ್ಕೆ ಕೊಟ್ಟು ಮೂತ್ರದೊಡನೆ ಹೊರಬರುವ ಅಯೋಡಿನ್‌ಯುಕ್ತ ದ್ರವ್ಯವೊಂದನ್ನು ಯಶಸ್ವಿಯಾಗಿ ಬಳಸಿದನು. ಅಂದಿನಿಂದ ಮೂತ್ರಮಾರ್ಗದ ಕ್ಷ-ಕಿರಣ ಚಿತ್ರ ಸಾಧ್ಯವಾಯಿತು. ಆದರೂ ನವಜಾತ ಶಿಶುವಿನ ಮೂತ್ರಪಿಂಡಗಳಿಗೆ ಆ ದ್ರವ್ಯವನ್ನು ಸಾಂದ್ರಗೊಳಿಸುವ ಶಕ್ತಿ ಕಡಮೆಯಾದುದರಿಂದ ಚಿತ್ರವು ಮಸಕಾಗುತ್ತಿತ್ತು. ವಿಕಿರಣದ ಭಯವಂತೂ ಇದ್ದೇ ಇತ್ತು.

ಇನ್ನೊಂದು ದಾರಿ ಶಬ್ದದಿಂದ ತೆರೆಯಿತು. ಕೆಲವು ಸ್ಫಟಿಕಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುತ್ತು ಹುಟ್ಟುವುದೆಂಬುದನ್ನು ಕ್ಯೂರಿ ಸಹೋದರರು ೧೮೮೦ರಲ್ಲಿ ಕಂಡುಕೊಂಡರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಪಾಲ್ ಲಾಂಜೆವಾನ್ ಅದೇ ಗುಣವನ್ನು ಉಪಯೋಗಿಸಿ, ಸಮುದ್ರದೊಳಗಿನ ಜಲಾಂತರ್ಗಾಮಿಗಳನ್ನು ಪ್ರತಿಧ್ವನಿಯಿಂದ ಹುಡುಕುವ ಪ್ರಯೋಗಗಳನ್ನು ನಡೆಸಿದನು. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳಿಗಿಂತ ಹೆಚ್ಚಿನ ಶಬ್ದ ಕೇಳಿಸದು. ಅದಕ್ಕೂ ಮೇಲಿನದೇ ಅಲ್ಟ್ರಾಸೌಂಡ್. ಗ್ಲಾಸ್ಗೋ ನಗರದ ಪ್ರಸೂತಿಶಾಸ್ತ್ರದ ಪ್ರಾಧ್ಯಾಪಕ ಇಯಾನ್ ಡೊನಾಲ್ಡ್, ಲೋಹದ ಬಿರುಕುಗಳನ್ನು ಪತ್ತೆಮಾಡುವ ಯಂತ್ರವನ್ನು ಮಾನವ ಶರೀರಕ್ಕೆ ಅಳವಡಿಸಲು ಯತ್ನಿಸಿ, ವೈದ್ಯ ಜಾನ್ ಮ್ಯಾಕ್‌ವಿಕರ್ ಮತ್ತು ಇಂಜಿನಿಯರ್ ಟಾಮ್ ಬ್ರೌನ್ ಇವರೊಡನೆ ೧೯೫೮ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತನ್ನ ಫಲಿತಾಂಶಗಳನ್ನು ಪ್ರಕಟಿಸಿದನು. ೧೯೭೦ರಲ್ಲಿ ಆಸ್ಟ್ರೇಲಿಯದ ಗ್ಯಾರೆಟ್ ಮತ್ತು ಆತನ ಸಂಗಡಿಗರು ಗರ್ಭದಲ್ಲಿದ್ದ ಶಿಶುವಿನ ಮೂತ್ರಪಿಂಡದ ವಿಕಾರವೊಂದನ್ನು ಇದೇ ವಿಧಾನದಿಂದ ಗುರುತಿಸಿದರು.

ಇದರ ಪರಿಣಾಮವನ್ನು ಇತಿಹಾಸಕಾರನು ಲಕ್ಷ್ಯವಿಟ್ಟು ನೋಡಬೇಕು. ಗರ್ಭಿಣಿಯರ ಪರೀಕ್ಷೆ ರೂಢಿಗೆ ಬಂದ ಮೇಲೆ, ನೂರು ಗರ್ಭಗಳಲ್ಲಿ ಒಂದೆರಡರಲ್ಲಿ ಶಿಶುವಿನ ಮೂತ್ರಮಾರ್ಗ ಹಿಗ್ಗಿರುವುದು ಕಾಣತೊಡಗಿತು. ಹಿಂದೆ ರೋಗವು ಮೊದಲು, ಚಿತ್ರವು ಆಮೇಲೆ. ಈಗ ಚಿತ್ರವೇ ಮೊದಲು, ರೋಗವು ಉಂಟೋ ಇಲ್ಲವೋ ಸಂದೇಹ. ನೋವಿಲ್ಲದ, ಜ್ವರವಿಲ್ಲದ, ಚೆನ್ನಾಗಿ ಹಾಲು ಕುಡಿಯುವ ಕೂಸು ವೈದ್ಯನ ಮುಂದೆ ಬಂದಿತು. ಯಾರಿಗೆ ಚಿಕಿತ್ಸೆ ಮಾಡಬೇಕೆಂಬುದರ ಜೊತೆಗೆ ಯಾರನ್ನು ಸುಮ್ಮನೆ ಬಿಡಬೇಕೆಂಬುದೂ ಅಷ್ಟೇ ಕಠಿಣವಾದ ಪ್ರಶ್ನೆಯಾಯಿತು.

ಪರೀಕ್ಷೆಯ ಕ್ರಮವು ಹೀಗಿದೆ. ಮಗುವಿನ ಹೊಟ್ಟೆ ಅಥವಾ ಬೆನ್ನಿನ ಮೇಲೆ ಲೇಪವನ್ನು ಹಚ್ಚಿ, ಶಬ್ದವನ್ನು ಕಳುಹಿಸಿ ಪ್ರತಿಧ್ವನಿಯನ್ನು ಗ್ರಹಿಸುವ ಸಲಕರಣೆಯನ್ನು ಅದರ ಮೇಲೆ ಆಡಿಸುತ್ತಾರೆ. ದ್ರವದೊಳಗಿಂದ ಪ್ರತಿಧ್ವನಿ ಹಿಂದಿರುಗದ ಕಾರಣ ಮೂತ್ರವು ಚಿತ್ರದಲ್ಲಿ ಕಪ್ಪಾಗಿ ತೋರುತ್ತದೆ. ಮೂತ್ರಪಿಂಡವನ್ನು ಅಡ್ಡಲಾಗಿ ಸೀಳಿದಂತೆ ಕಾಣುವ ಚಿತ್ರದಲ್ಲಿ ಪೆಲ್ವಿಸ್ಸಿನ ಮುಂದಿನಿಂದ ಹಿಂದಿನವರೆಗಿನ ಅಗಲವನ್ನು, ಅದು ಮೂತ್ರಪಿಂಡದ ಒಳಗಿರುವ ಭಾಗದಲ್ಲಿಯೇ, ಅಳೆಯಬೇಕು. ಬಳಿಕ ಕ್ಯಾಲಿಕ್ಸ್‌ಗಳು, ಅಂಗಾಂಶದ ದಪ್ಪ ಮತ್ತು ಬಣ್ಣ, ಮೂತ್ರನಾಳ, ಮೂತ್ರಕೋಶ ಇವೆಲ್ಲವನ್ನೂ ನೋಡಬೇಕು. ಮೂತ್ರಕೋಶ ತುಂಬಿದ್ದಾಗ ಮೇಲಿನ ಮಾರ್ಗವೂ ಕೊಂಚ ಹಿಗ್ಗಬಹುದಾದುದರಿಂದ, ಮಗು ಮೂತ್ರ ಮಾಡಿದ ಮೇಲೆ ಮತ್ತೊಮ್ಮೆ ನೋಡುವುದು ಯುಕ್ತ. ನವಜಾತ ಶಿಶುವಿನ ಮೂತ್ರಪಿಂಡದ ಒಳಪದರದಲ್ಲಿ ಪಿರಮಿಡ್ಡಿನಾಕಾರದ ಭಾಗಗಳು ಸಹಜವಾಗಿಯೇ ಕಪ್ಪಾಗಿ ಕಾಣುತ್ತವೆ. ಅನುಭವವಿಲ್ಲದವನು ಅವನ್ನೇ ಹಿಗ್ಗಿದ ಕ್ಯಾಲಿಕ್ಸ್‌ಗಳೆಂದು ಭ್ರಮಿಸುವುದುಂಟು. ಸವೆದ ಅಕ್ಷರವನ್ನು ಬೇರೊಂದಾಗಿ ಓದಿದಂತೆ ಇದು.

ಕಾಲದ ನಿಯಮವೂ ಒಂದುಂಟು. ಜನಿಸಿದ ಮೊದಲೆರಡು ದಿನ ಮಗುವಿನ ದೇಹದಲ್ಲಿ ಮೂತ್ರದ ಉತ್ಪತ್ತಿ ಕಡಮೆ. ಆಗ ನೋಡಿದರೆ ನಿಜವಾದ ಹಿಗ್ಗೂ ಸಣ್ಣದಾಗಿ ತೋರಬಹುದು. ಆದುದರಿಂದ ಸಾಮಾನ್ಯವಾಗಿ ೪೮ ಗಂಟೆಗಳು ಕಳೆದ ಮೇಲೆ, ಒಂದು ತಿಂಗಳೊಳಗೆ, ಮೊದಲನೆಯ ಪರೀಕ್ಷೆ ನಡೆಯತಕ್ಕದ್ದು. ಹೊರನಾಳದಲ್ಲಿ ಕವಾಟಗಳಿರುವ ಸಂಶಯ, ಗರ್ಭಜಲದ ಕೊರತೆ, ಎರಡೂ ಕಡೆ ತೀವ್ರವಾದ ಹಿಗ್ಗು ಇಂತಹ ಸಂದರ್ಭಗಳಲ್ಲಿ ಮಾತ್ರ ಕಾಯದೆ ನೋಡಬೇಕು.

ಇನ್ನು ಹೆಸರಿನ ಪ್ರಶ್ನೆ. ಬಹುಕಾಲ ವೈದ್ಯರು ಹಿಗ್ಗನ್ನು ‘ಅಲ್ಪ’, ‘ಮಧ್ಯಮ’, ‘ತೀವ್ರ’ ಎಂದು ಮಾತ್ರ ಬರೆಯುತ್ತಿದ್ದರು. ಒಬ್ಬನ ಅಲ್ಪವು ಇನ್ನೊಬ್ಬನ ಮಧ್ಯಮವಾಗುತ್ತಿತ್ತು. ೧೯೯೩ರಲ್ಲಿ ಭ್ರೂಣ ಮೂತ್ರಶಾಸ್ತ್ರ ಸಂಘದ ಪದ್ಧತಿ ಪ್ರಕಟವಾಗಿ, ಸೊನ್ನೆಯಿಂದ ನಾಲ್ಕರವರೆಗೆ ದರ್ಜೆಗಳನ್ನು ಗೊತ್ತುಮಾಡಿತು. ಎಲ್ಲ ಕ್ಯಾಲಿಕ್ಸ್‌ಗಳೂ ಹಿಗ್ಗಿದ್ದರೆ ಮೂರು, ಅದರೊಡನೆ ಅಂಗಾಂಶವೂ ತೆಳುವಾಗಿದ್ದರೆ ನಾಲ್ಕು. ಇದು ಆಕಾರದ ವರ್ಣನೆ. ಬೇರೆ ಕೆಲವರು ಮಿಲಿಮೀಟರ್ ಲೆಕ್ಕವನ್ನೇ ನೆಚ್ಚಿದರು. ಗರ್ಭವನ್ನು ನೋಡುವವರು ಒಂದು ಭಾಷೆಯನ್ನೂ ಶಿಶುವನ್ನು ನೋಡುವವರು ಇನ್ನೊಂದು ಭಾಷೆಯನ್ನೂ ಆಡುತ್ತಿದ್ದುದರಿಂದ ಒಂದೇ ಮಗುವಿನ ವೃತ್ತಾಂತವು ಹೆರಿಗೆಯೊಡನೆ ತುಂಡಾಗುತ್ತಿತ್ತು.

ಈ ಗೊಂದಲವನ್ನು ಪರಿಹರಿಸಲು ೨೦೧೪ರಲ್ಲಿ ಅಮೆರಿಕದ ಎಂಟು ವೈದ್ಯಸಂಘಗಳ ಪ್ರತಿನಿಧಿಗಳು ಸೇರಿ ಒಮ್ಮತದ ವರ್ಗೀಕರಣವನ್ನು ರಚಿಸಿದರು. ಜನನಪೂರ್ವದ ವರ್ಗಗಳಿಗೆ ‘ಎ’ ಎಂದೂ ಜನನಾನಂತರದವುಗಳಿಗೆ ‘ಪಿ’ ಎಂದೂ ಸಂಕೇತ. ಗರ್ಭದ ೧೬ರಿಂದ ೨೭ನೆಯ ವಾರದವರೆಗೆ ೪ ಮಿಲಿಮೀಟರಿಗೂ, ೨೮ನೆಯ ವಾರದಿಂದ ೭ ಮಿಲಿಮೀಟರಿಗೂ, ಹುಟ್ಟಿ ೪೮ ಗಂಟೆಗಳಾದ ಮೇಲೆ ೧೦ ಮಿಲಿಮೀಟರಿಗೂ ಕಡಮೆಯಾದ ಪೆಲ್ವಿಸ್ಸು, ಬೇರೆ ದೋಷವಿಲ್ಲದಿದ್ದರೆ, ಸಹಜ. ಶಿಶುವಿನಲ್ಲಿ ಅಳತೆ ೧೦ರಿಂದ ೧೫ರ ಒಳಗಿದ್ದರೆ ಅಥವಾ ನಡುವಣ ಕ್ಯಾಲಿಕ್ಸ್‌ಗಳು ಮಾತ್ರ ಹಿಗ್ಗಿದ್ದರೆ ಪಿ-೧. ೧೫ ಅಥವಾ ಹೆಚ್ಚಾಗಿದ್ದರೆ, ಇಲ್ಲವೆ ಅಂಚಿನ ಕ್ಯಾಲಿಕ್ಸ್‌ಗಳಾಗಲಿ ಮೂತ್ರನಾಳವಾಗಲಿ ಹಿಗ್ಗಿದ್ದರೆ ಪಿ-೨. ಅಂಗಾಂಶದಲ್ಲಿ ಅಥವಾ ಮೂತ್ರಕೋಶದಲ್ಲಿ ದೋಷ ಕಂಡರೆ ಪಿ-೩. ಅತ್ಯಂತ ಗಂಭೀರವಾದ ಲಕ್ಷಣವೇ ವರ್ಗವನ್ನು ನಿಶ್ಚಯಿಸುತ್ತದೆ. ಪೆಲ್ವಿಸ್ಸು ೧೨ ಮಿಲಿಮೀಟರ್ ಮಾತ್ರವಿದ್ದು ಅಂಚಿನ ಕ್ಯಾಲಿಕ್ಸ್‌ಗಳು ಹಿಗ್ಗಿದ್ದ ಮಗು ಪಿ-೨ಕ್ಕೆ ಸೇರುತ್ತದೆ. ಮರುಪರೀಕ್ಷೆಯ ಅವಧಿಯೂ ವರ್ಗವನ್ನು ಅನುಸರಿಸುತ್ತದೆ: ಪಿ-೧ಕ್ಕೆ ಒಂದರಿಂದ ಆರು ತಿಂಗಳು, ಪಿ-೨ಕ್ಕೆ ಒಂದರಿಂದ ಮೂರು, ಪಿ-೩ಕ್ಕೆ ಒಂದು ತಿಂಗಳು.

ಅದೇ ಸಭೆಯು ‘ಹೈಡ್ರೊನೆಫ್ರೋಸಿಸ್’ ಮುಂತಾದ ಹಳೆಯ ಪದಗಳನ್ನು ಬಿಟ್ಟು ‘ಮೂತ್ರಮಾರ್ಗದ ಹಿಗ್ಗುವಿಕೆ’ ಎಂದೇ ಬರೆಯಬೇಕೆಂದು ಸೂಚಿಸಿತು. ಹಳೆಯ ಹೆಸರು ರೋಗದ ಹೆಸರಿನಂತೆ ಕೇಳಿಸುತ್ತದೆ. ಹೊಸದು ಕಂಡುದನ್ನು ಮಾತ್ರ ಹೇಳುತ್ತದೆ. ಈ ಭೇದವು ಕೇವಲ ಪಂಡಿತರ ವಾಗ್ವಾದವಲ್ಲ. ಹಿಗ್ಗು ಕಂಡೊಡನೆ ಅಡಚಣೆಯೆಂದು ಊಹಿಸಿದರೆ, ಆರೋಗ್ಯವಂತ ಶಿಶುವಿನ ಮೂತ್ರಕೋಶಕ್ಕೆ ನಳಿಕೆಯನ್ನು ತೂರಿಸಿ ಕ್ಷ-ಕಿರಣ ಚಿತ್ರ ತೆಗೆಯುವುದು, ತಿಂಗಳುಗಟ್ಟಲೆ ಔಷಧ ಕೊಡುವುದು, ತಾಯಿತಂದೆಗಳು ನಿದ್ರೆಗೆಡುವುದು ಇವೆಲ್ಲ ಬೆನ್ನುಹತ್ತುತ್ತವೆ. ಎಲ್ಲ ಹಿಗ್ಗೂ ತಾನಾಗಿ ಇಳಿಯುವುದೆಂದು ನಂಬಿ ಕೈಬಿಟ್ಟರೆ, ಕವಾಟಗಳ ಒತ್ತಡಕ್ಕೆ ಸಿಕ್ಕಿದ ಮೂತ್ರಪಿಂಡಗಳು ಸದ್ದಿಲ್ಲದೆ ಹಾಳಾಗುತ್ತವೆ. ಎರಡೂ ತಪ್ಪುಗಳ ದಂಡವನ್ನು ತೆರುವುದು ಮಾತನಾಡಲಾರದ ಕೂಸು.

ಅಲ್ಟ್ರಾಸೌಂಡಿನ ಮಿತಿಯನ್ನೂ ಮರೆಯಬಾರದು. ಅದು ಆಕಾರವನ್ನು ತೋರಿಸುತ್ತದೆಯೇ ಹೊರತು ಮೂತ್ರಪಿಂಡವು ಎಷ್ಟು ಕೆಲಸಮಾಡುತ್ತಿದೆಯೆಂಬುದನ್ನು ಅಳೆಯುವುದಿಲ್ಲ. ಅದಕ್ಕೆ ವಿಕಿರಣಶೀಲ ದ್ರವ್ಯವನ್ನು ಬಳಸುವ ಬೇರೆ ಪರೀಕ್ಷೆ ಬೇಕು. ಚಿತ್ರವು ಸಹಜವಾಗಿದ್ದರೂ ಮೂತ್ರದ ಹಿಮ್ಮುಖ ಹರಿವು ಇಲ್ಲವೆಂದು ಖಂಡಿತವಾಗಿ ಹೇಳಲಾಗದು. ೨೦೧೪ರ ವರ್ಗೀಕರಣವೂ ಆಗ ದೊರೆತಿದ್ದ ಸೀಮಿತ ಆಧಾರಗಳ ಮೇಲೆ ಏರ್ಪಟ್ಟ ಒಪ್ಪಂದ. ಹೊಸ ಆಧಾರಗಳು ಬಂದಂತೆ ತಿದ್ದಲ್ಪಡತಕ್ಕದ್ದು. ಪಿ-೧, ಪಿ-೨ ಎಂಬವು ರೋಗದ ಹೆಸರುಗಳಲ್ಲ, ಅಪಾಯದ ಅಂದಾಜುಗಳು. ಕಂಡುದನ್ನು ಕಂಡಂತೆ ಬರೆದಿಟ್ಟು, ಊಹಿಸಿದುದನ್ನು ಊಹೆಯೆಂದೇ ಹೇಳುವ ಶಿಸ್ತು ನಮ್ಮ ಶಾಸ್ತ್ರಕ್ಕೆ ಎಷ್ಟು ಅವಶ್ಯಕವೋ ಎಳೆಯ ಶಿಶುವಿನ ಹಾಸಿಗೆಯ ಬಳಿ ಅದಕ್ಕಿಂತಲೂ ಹೆಚ್ಚು ಅವಶ್ಯಕ.