ಫಿಲ್ಟರ್ ನೀರಿನ ಕ್ಯಾನಿನ ತಳದಲ್ಲಿ ಏಳರ ಅಂಕಿ

ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಖಾಲಿಯಾದಾಗ ಒಮ್ಮೆ ಬೋರಲು ಹಾಕಿ ನೋಡಿ. ತಳದಲ್ಲಿ ಬಾಣಗಳಿಂದಾದ ಸಣ್ಣ ತ್ರಿಕೋನ, ಅದರೊಳಗೊಂದು ಅಂಕಿ ಇರುತ್ತದೆ. 1 ಇದ್ದರೆ ಪೆಟ್, ಅಂಗಡಿಯ ನೀರಿನ ಬಾಟಲಿಯ ಜಾತಿ. 7 ಇದ್ದು ಪಕ್ಕದಲ್ಲಿ ಪಿಸಿ ಎಂಬ ಅಕ್ಷರಗಳಿದ್ದರೆ ಅದು ಪಾಲಿಕಾರ್ಬೊನೇಟ್. ಗಾಜಿನಷ್ಟು ತಿಳಿ, ತುಸು ನೀಲಿ ಛಾಯೆ, ಟೆಂಪೊದಿಂದ ಉರುಳಿಸಿದರೂ ಸೀಳದಷ್ಟು ಗಟ್ಟಿ. ಇದನ್ನು ತಯಾರಿಸಲು ಬೇಕಾದ ಮುಖ್ಯ ರಾಸಾಯನಿಕ ಬಿಸ್ಫೆನಾಲ್-ಎ. ಊರೂರು ತಿರುಗಿ ಸವೆದ ಕ್ಯಾನ್‌ಗಳಲ್ಲಿ ಅಂಕಿಯೇ ಅಳಿಸಿಹೋಗಿರುತ್ತದೆ, ಆ ಮಾತು ಬೇರೆ.

ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿ ಕಡೆ ಈ ಕ್ಯಾನು ಶೋಕಿಗೆ ಬಂದದ್ದಲ್ಲ. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಸೀಮೆ ಮಳೆ ಕಡಿಮೆಯ ಬಯಲು. ಬೋರು ಆಳಕ್ಕಿಳಿದಷ್ಟೂ ಹಲವು ಹಳ್ಳಿಗಳಲ್ಲಿ ನೀರಿನ ಜೊತೆ ಫ್ಲೋರೈಡೂ ಬಂತು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸಾಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡುತ್ತದೆ. ಇನ್ನೂ ಹೆಚ್ಚಾದರೆ ಕೀಲು ಬಿಗಿದು ಬೆನ್ನು ಬಾಗುತ್ತದೆ. ಆದ್ದರಿಂದಲೇ ಊರೂರಿಗೂ ಶುದ್ಧ ಕುಡಿಯುವ ನೀರಿನ ಘಟಕ ಬಂತು. ನಾಣ್ಯ ಹಾಕು, ಕ್ಯಾನ್ ಹಿಡಿ, ಬೈಕಿಗೆ ಕಟ್ಟು. ಜನರ ಬಾಯಲ್ಲಿ ಅದು ಫಿಲ್ಟರ್ ನೀರು. ಫ್ಲೋರೈಡ್ ಇಳಿಸುವ ಮಟ್ಟಿಗೆ ಅದು ಮಾಡಿದ ಉಪಕಾರ ದೊಡ್ಡದು. ಮುಂದೆ ಹೇಳುವುದನ್ನು ಓದಿ ಯಾರೂ ಮತ್ತೆ ಬೋರ್ ನೀರಿಗೆ ಹೋಗಬಾರದು. ನೀರಿನ ಮೇಲೆ ನನ್ನ ತಕರಾರಿಲ್ಲ, ಅದು ಕೂತಿರುವ ಪಾತ್ರೆಯ ಮೇಲೆ ಇದೆ.

ಬಿಸ್ಫೆನಾಲ್-ಎ ಹೊಸ ವಸ್ತುವೇನಲ್ಲ. ರಷ್ಯಾದ ರಸಾಯನಶಾಸ್ತ್ರಜ್ಞ ಅಲೆಕ್ಸಾಂಡರ್ ಡಯಾನಿನ್ 1891ರಲ್ಲೇ ಇದನ್ನು ತಯಾರಿಸಿದ್ದ. 1930ರ ದಶಕದಲ್ಲಿ ಲಂಡನ್ನಿನ ಚಾರ್ಲ್ಸ್ ಡಾಡ್ಸ್ ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್ನಿನಂತೆ ವರ್ತಿಸುವ ಕೃತಕ ವಸ್ತುಗಳನ್ನು ಹುಡುಕುತ್ತಿದ್ದಾಗ, ಇದಕ್ಕೂ ಆ ಗುಣ ಇರುವುದು ಕಂಡಿತು. ಔಷಧವಾಗಲು ಇದರ ಶಕ್ತಿ ಸಾಲದೆಂದು ಪಕ್ಕಕ್ಕಿಟ್ಟರು. 1953ರಲ್ಲಿ ಜರ್ಮನಿಯ ಬಾಯರ್ ಕಂಪನಿಯಲ್ಲೂ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲೂ ಒಬ್ಬರಿಗೊಬ್ಬರು ತಿಳಿಯದೆ ಪಾಲಿಕಾರ್ಬೊನೇಟ್ ಕಂಡುಹಿಡಿದರು. ಹಾರ್ಮೋನಿನ ವೇಷ ಹಾಕಬಲ್ಲದೆಂದು ಮೊದಲೇ ಗೊತ್ತಿದ್ದ ವಸ್ತು ಹೀಗೆ ಬಾಟಲಿಯಾಗಿ, ಡಬ್ಬಿಯ ಒಳಲೇಪವಾಗಿ ಅಡುಗೆಮನೆಗೆ ಬಂತು. ಯಾರೂ ಗುಟ್ಟು ಮಾಡಿರಲಿಲ್ಲ, ಯಾರೂ ಕೇಳಿರಲೂ ಇಲ್ಲ.

ಕೇಳುವಂತೆ ಮಾಡಿದ್ದು ಒಂದು ಸೋಪಿನ ಎಡವಟ್ಟು. 1998ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಪೆಟ್ರೀಷಿಯಾ ಹಂಟ್ ಎಂಬ ವಿಜ್ಞಾನಿ ಹೆಣ್ಣಿಲಿಗಳ ಅಂಡಾಣುಗಳನ್ನು ಅಧ್ಯಯನ ಮಾಡುತ್ತಿದ್ದರು. ವರ್ಣತಂತುಗಳು ಸರಿಯಾಗಿ ಸಾಲುಗೂಡದ ಅಂಡಾಣುಗಳು ಸಾಮಾನ್ಯವಾಗಿ ನೂರಕ್ಕೆ ಒಂದೋ ಎರಡೋ. ಅದು ಏಕಾಏಕಿ ನಲವತ್ತಕ್ಕೆ ಏರಿತು. ಪ್ರಯೋಗಕ್ಕೆ ಸೇರಿಸದ, ಆರೋಗ್ಯವಾಗಿದ್ದ ಇಲಿಗಳಲ್ಲೂ ಅದೇ ಕಥೆ. ಹುಡುಕುತ್ತಾ ಹೋದರೆ, ಇಲಿಗಳ ಪಾಲಿಕಾರ್ಬೊನೇಟ್ ಪಂಜರ ಮತ್ತು ನೀರಿನ ಬಾಟಲಿಗಳನ್ನು ಯಾರೋ ನೆಲ ತೊಳೆಯುವ ತೀಕ್ಷ್ಣವಾದ ಮಾರ್ಜಕದಲ್ಲಿ ತೊಳೆದಿದ್ದರು. ಪ್ಲಾಸ್ಟಿಕ್ ಕರಗಿ ಬಿಸ್ಫೆನಾಲ್ ನೀರಿಗಿಳಿದಿತ್ತು. ಬೇಕೆಂದೇ ಅದನ್ನು ಮತ್ತೆ ಮಾಡಿ ನೋಡಿ, ಫಲಿತಾಂಶವನ್ನು ಅವರು 2003ರಲ್ಲಿ ಪ್ರಕಟಿಸಿದರು. ನಮ್ಮಲ್ಲಿ ಪಾಚಿ ಹಿಡಿದ ಕ್ಯಾನಿಗೆ ಏನೇನು ಸುರಿದು ಕುಲುಕುತ್ತೇವೆ ಎಂದು ನೆನೆದರೆ ಆ ಇಲಿಗಳು ಅಷ್ಟೇನೂ ದೂರದವು ಅನಿಸುವುದಿಲ್ಲ.

ಬಿಸಿಯೂ ಅದೇ ಕೆಲಸ ಮಾಡುತ್ತದೆ. ಸಿನ್ಸಿನಾಟಿ ವಿಶ್ವವಿದ್ಯಾಲಯದವರು 2008ರಲ್ಲಿ ಪಾಲಿಕಾರ್ಬೊನೇಟ್ ಬಾಟಲಿಗೆ ಕುದಿವ ನೀರು ಹಾಕಿ ನೋಡಿದಾಗ, ತಣ್ಣೀರಿಗಿಂತ 15ರಿಂದ 55 ಪಟ್ಟು ವೇಗವಾಗಿ ಬಿಸ್ಫೆನಾಲ್ ಹೊರಬಂತು. ಕುತೂಹಲದ ಸಂಗತಿ, ಬಾಟಲಿ ಹಳೆಯದೋ ಹೊಸದೋ ಎಂಬುದಕ್ಕಿಂತ ನೀರು ಎಷ್ಟು ಬಿಸಿ ಎಂಬುದೇ ಅಲ್ಲಿ ಮುಖ್ಯವಾಗಿತ್ತು. ಮರುವರ್ಷ ಹಾರ್ವರ್ಡಿನಲ್ಲಿ 77 ವಿದ್ಯಾರ್ಥಿಗಳಿಗೆ ಒಂದು ವಾರ ಇಂಥ ಬಾಟಲಿಯಲ್ಲೇ ತಣ್ಣನೆಯ ಪಾನೀಯ ಕುಡಿಸಿದರು; ಮೂತ್ರದಲ್ಲಿ ಬಿಸ್ಫೆನಾಲ್ ಪ್ರಮಾಣ ಮೂರರಲ್ಲಿ ಎರಡು ಪಾಲಿನಷ್ಟು ಹೆಚ್ಚಿತು. ಸಮಾಧಾನದ ಮಾತೂ ಇದೆ. ಫ್ಲೋರೈಡ್ ಮೂಳೆ ಸೇರಿ ಕೂರುತ್ತದೆ, ಇದು ಹಾಗಲ್ಲ. ಯಕೃತ್ತು ಕೆಲವೇ ಗಂಟೆಗಳಲ್ಲಿ ಇದನ್ನು ಪರಿವರ್ತಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ತೊಂದರೆ ಎಂದರೆ ಅಷ್ಟರಲ್ಲಿ ಮುಂದಿನ ಲೋಟ ಒಳಗೆ ಹೋಗಿರುತ್ತದೆ.

ಎಷ್ಟು ಒಳಹೋದರೆ ಅಪಾಯ? ಇಲ್ಲಿ ವಿಜ್ಞಾನಿಗಳೇ ಜಗಳಕ್ಕಿಳಿದಿದ್ದಾರೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ದಿನಕ್ಕೆ, ದೇಹತೂಕದ ಒಂದು ಕೆ.ಜಿ.ಗೆ 4 ಮೈಕ್ರೊಗ್ರಾಂ ಎಂದು 2015ರಲ್ಲಿ ಮಿತಿ ಹಾಕಿತ್ತು. 2023ರಲ್ಲಿ ಅದನ್ನೇ 20,000 ಪಟ್ಟು ತಗ್ಗಿಸಿ 0.2 ನ್ಯಾನೊಗ್ರಾಂಗೆ ಇಳಿಸಿತು; ರೋಗನಿರೋಧಕ ವ್ಯವಸ್ಥೆಯ ಮೇಲಾಗುವ ಪರಿಣಾಮವೇ ಕಾರಣ. ಅರವತ್ತು ಕೆ.ಜಿ.ಯ ಆಳಿಗೆ ದಿನಕ್ಕೆ 12 ನ್ಯಾನೊಗ್ರಾಂ ಎಂದಾಯಿತು. ಜರ್ಮನಿಯ ಅಂಥದೇ ಸಂಸ್ಥೆ ಇದನ್ನೊಪ್ಪದೆ ಸಾವಿರ ಪಟ್ಟು ಸಡಿಲವಾದ ಮಿತಿ ಹೇಳಿತು. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈಗಿನ ಬಳಕೆಯಿಂದ ಅಪಾಯವಿಲ್ಲ ಎನ್ನುತ್ತಿದೆ. ಮಧುಮೇಹ, ಹೃದ್ರೋಗ, ಸಂತಾನಶಕ್ತಿಯ ತೊಂದರೆಗಳ ಜೊತೆ ಬಿಸ್ಫೆನಾಲ್‌ಗೆ ನಂಟಿರುವುದನ್ನು ಜನರ ಮೇಲಿನ ಅಧ್ಯಯನಗಳು ತೋರಿಸಿವೆ, ಆದರೆ ನಂಟು ಬೇರೆ, ಕಾರಣ ಬೇರೆ. ಬಸಿರಿನಲ್ಲಿರುವ ಮಗು ಮತ್ತು ಹಸುಗೂಸಿನ ವಿಷಯದಲ್ಲಿ ಮಾತ್ರ ಎಲ್ಲರೂ ಹೆಚ್ಚು ಎಚ್ಚರ ವಹಿಸುತ್ತಾರೆ. ಮಕ್ಕಳ ಹಾಲಿನ ಬಾಟಲಿಗೆ ಬಿಸ್ಫೆನಾಲ್-ಎ ಕೂಡದೆಂದು ಭಾರತೀಯ ಮಾನಕ ಬ್ಯೂರೊ 2015ರಲ್ಲೇ ಹೇಳಿತು. 2024ರ ಡಿಸೆಂಬರಿನಲ್ಲಿ ಯುರೋಪು ಆಹಾರ ಮುಟ್ಟುವ ಸಾಮಗ್ರಿಗಳಲ್ಲೇ ಇದನ್ನು ನಿಷೇಧಿಸಿತು. ಹಸುಗೂಸಿನ ಬಾಟಲಿಗೆ ಬೇಡವಾದದ್ದು ಅದರ ತಾಯಿ ಕುಡಿಯುವ ಕ್ಯಾನಿಗೆ ಹೇಗೆ ಸರಿ ಎಂಬ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ.

ಹಾಗೆಂದು ಪ್ಲಾಸ್ಟಿಕ್ ಎಂದದ್ದರಲ್ಲೆಲ್ಲ ಬಿಸ್ಫೆನಾಲ್ ಇರುವುದಿಲ್ಲ. 2025ರ ಫೆಬ್ರುವರಿಯಲ್ಲಿ ರಾಜ್ಯದ ಹೋಟೆಲುಗಳ ಇಡ್ಲಿ ಸುದ್ದಿಯಾಯಿತು. ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಇಡ್ಲಿ ಬೇಯಿಸುತ್ತಿದ್ದುದು ಆಹಾರ ಇಲಾಖೆಯ ತಪಾಸಣೆಯಲ್ಲಿ ಹೊರಬಿದ್ದು, ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅದಕ್ಕೆ ನಿಷೇಧ ಹೇಳಿದರು. ಒಳ್ಳೆಯ ಕೆಲಸವೇ. ಆದರೆ ಆ ತೆಳು ಹಾಳೆ ಸಾಮಾನ್ಯವಾಗಿ ಪಾಲಿಥೀನ್. ಬಿಸ್ಫೆನಾಲ್‌ನಿಂದ ಮಾಡಿದ್ದಲ್ಲ, ಅದರ ತೊಂದರೆಗಳು ಬೇರೆ. ಎಲ್ಲ ಪ್ಲಾಸ್ಟಿಕ್ಕನ್ನೂ ಒಂದೇ ಗಂಟಿಗೆ ಕಟ್ಟಿ ಬೈದರೆ ಯಾವುದನ್ನು ಎಲ್ಲಿ ಬಿಡಬೇಕೆಂಬುದು ತಿಳಿಯುವುದೇ ಇಲ್ಲ.

ಬಿಸ್ಫೆನಾಲ್ ಇರಬಹುದಾದ ಇನ್ನೊಂದು ಜಾಗ ಯಾರಿಗೂ ಹೊಳೆಯದ್ದು: ಬಸ್ ಟಿಕೆಟ್. ಯಂತ್ರದಿಂದ ಬರುವ ಥರ್ಮಲ್ ಕಾಗದದಲ್ಲಿ ಶಾಯಿ ಇರುವುದಿಲ್ಲ; ಕಾಗದಕ್ಕೆ ಲೇಪಿಸಿದ ರಾಸಾಯನಿಕ ಬಿಸಿಗೆ ಕಪ್ಪಾಗಿ ಅಕ್ಷರ ಮೂಡುತ್ತದೆ. ಆ ಲೇಪದಲ್ಲಿ ಬಹುಕಾಲ ಬಳಸಿದ್ದು ಬಿಸ್ಫೆನಾಲ್-ಎ, ಅದೂ ಪ್ಲಾಸ್ಟಿಕ್ಕಿನಲ್ಲಿ ಬಂಧಿಯಾಗಿರುವಂತಲ್ಲ, ಬಿಡಿಯಾಗಿ, ಉಜ್ಜಿದರೆ ಬೆರಳಿಗೆ ಹತ್ತುವಂತೆ. ಯುರೋಪು 2020ರ ಜನವರಿಯಿಂದ ಅಲ್ಲಿನ ಥರ್ಮಲ್ ಕಾಗದದಲ್ಲಿ ಇದನ್ನು ಶೇ 0.02ಕ್ಕೆ ಮಿತಿಗೊಳಿಸಿದೆ. ಪ್ರಯಾಣಿಕರಿಗೆ ಇದು ದೊಡ್ಡ ಚಿಂತೆಯಲ್ಲ. ದಿನವಿಡೀ ಟಿಕೆಟ್ ಹರಿಯುವ ಕಂಡಕ್ಟರಿಗೆ ಹೌದು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಮಹಿಳೆಯರ ಶೂನ್ಯ ಟಿಕೆಟ್ಟೂ ಅದೇ ಕೈಯಿಂದ ಹರಿದುಬರುತ್ತದೆ. ಸ್ಯಾನಿಟೈಸರ್ ಹಚ್ಚಿದ ಒದ್ದೆ ಕೈ ಹೆಚ್ಚು ಹೀರುತ್ತದೆಂದು ಮಿಸೌರಿ ವಿಶ್ವವಿದ್ಯಾಲಯದವರು 2014ರಲ್ಲಿ ತೋರಿಸಿದ್ದಾರೆ. ಬಿಸ್ಫೆನಾಲ್ ಇಲ್ಲದ ಸುರುಳಿ ಮಾರುಕಟ್ಟೆಯಲ್ಲಿ ಸಿಗುತ್ತದೆ, ಸಾರಿಗೆ ನಿಗಮಗಳು ಟೆಂಡರಿನಲ್ಲಿ ಒಂದು ಸಾಲು ಸೇರಿಸಿದರೆ ಸಾಕು. ಎ ತೆಗೆದು ಅದರ ತಮ್ಮನಾದ ಬಿಸ್ಫೆನಾಲ್-ಎಸ್ ತುಂಬುವ ಜಾಣತನ ಜಗತ್ತಿನಲ್ಲಿ ನಡೆದಿರುವುದರಿಂದ ಆ ಸಾಲನ್ನು ಹುಷಾರಾಗಿ ಬರೆಯಬೇಕು.

ಸೀಳಿದ ಕ್ಯಾನು ಗುಜರಿಗೆ ಹೋದರೆ ಪುಣ್ಯ. ಇಲ್ಲವಾದರೆ ತಿಪ್ಪೆಗೆ, ಹಳ್ಳಕ್ಕೆ, ಇಲ್ಲವೇ ಕಸದ ಜೊತೆ ಬೆಂಕಿಗೆ. ಗಾಳಿ ಬೆಳಕಿರುವ ನೀರಿನಲ್ಲಿ ಬಿಸ್ಫೆನಾಲ್ ಕೆಲವು ದಿನಗಳಲ್ಲಿ ಒಡೆದುಹೋಗುತ್ತದೆ. ಆದರೂ ತಮಿಳುನಾಡಿನಲ್ಲಿ ಹರಿಯುವ ಕಾವೇರಿಯಲ್ಲಿ ಅದು ಪತ್ತೆಯಾಗಿದೆ, ಏಕೆಂದರೆ ಮೇಲಿಂದ ಬಂದು ಸೇರುವುದು ನಿಲ್ಲುವುದಿಲ್ಲ. ಮೀನು, ಕಪ್ಪೆಗಳ ಹಾರ್ಮೋನನ್ನೂ ಅದು ಏರುಪೇರು ಮಾಡುತ್ತದೆಂದು ಪ್ರಯೋಗಗಳು ಹೇಳುತ್ತವೆ.

ತುಂಗಭದ್ರಾ ಹಿನ್ನೀರನ್ನು ಪಾವಗಡ, ಮೊಳಕಾಲ್ಮೂರು, ಕೂಡ್ಲಿಗಿ ಕಡೆಗೆ ತರುವ ಬಹುಗ್ರಾಮ ಯೋಜನೆಯ ನೀರು ಮನೆಮನೆಯ ನಲ್ಲಿಯಲ್ಲಿ ತಪ್ಪದೆ ಬಂದರೆ ಕ್ಯಾನಿನ ಅಗತ್ಯವೇ ಕಡಿಮೆಯಾದೀತು. ಅಲ್ಲಿಯವರೆಗೂ ಬೈಕಿಗೆ ಕಟ್ಟಲು ಕ್ಯಾನೇ ಅನುಕೂಲ, ಸ್ಟೀಲ್ ಕೊಡ ಕಟ್ಟಿಕೊಂಡು ಹೋಗಿ ಎಂದರೆ ಯಾರೂ ಕೇಳುವುದಿಲ್ಲ. ತರುವುದು ಕ್ಯಾನಿನಲ್ಲೇ ಆಗಲಿ, ಮನೆಗೆ ಬಂದ ಕೂಡಲೇ ಹರವಿಗೋ ಸ್ಟೀಲ್ ಕೊಡಕ್ಕೋ ಬಗ್ಗಿಸಿಕೊಳ್ಳಬಹುದು. ನಲವತ್ತು ಡಿಗ್ರಿ ಮುಟ್ಟುವ ಏಪ್ರಿಲ್ಲಿನಲ್ಲಿ ತುಂಬಿದ ಕ್ಯಾನನ್ನು ಅಂಗಡಿ ಮುಂದಿನ ಬಿಸಿಲಿಗೆ ಬಿಡಬಾರದು. ಬಾಣಂತಿಗೆಂದು ಕಾಯಿಸಿದ ನೀರು ಆರುವ ಮುಂಚೆ ಮತ್ತೆ ಕ್ಯಾನಿಗೆ ಹೋಗಬಾರದು. ತೊಳೆಯಲು ಮೆತ್ತನೆಯ ಬ್ರಷ್ಷು, ತಣ್ಣೀರು ಸಾಕು, ಬಚ್ಚಲು ತೊಳೆಯುವ ದ್ರಾವಣ ಬೇಡ. ಹೊಸ ಕ್ಯಾನ್ ಕೊಳ್ಳುವಾಗ ದರ ಕೇಳುವ ಮುಂಚೆ ಬೋರಲು ಮಾಡಿ ಅಂಕಿ ನೋಡಿ.