ಬಿರುದು ಕೊಟ್ಟ ಊರು, ಬಿರುದು ಬಿಟ್ಟ ಊರು

ಹುಮನಾಬಾದಿನ ಮೇಲೆ ಹಾಯ್ದು ಬಸವಕಲ್ಯಾಣದ ಕೋಟೆ ನೋಡಲು ಬರುವ ವಿದ್ಯಾರ್ಥಿಗಳೇ, ಇದು ಬಿರುದುಗಳ ಊರೂ ಹೌದೆಂಬುದು ನಿಮಗೆ ಗೊತ್ತೆ?

ಇಲ್ಲಿಂದ ಕ್ರಿ.ಶ. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯ ಸ್ವತಃ 'ತ್ರಿಭುವನಮಲ್ಲ'. ಕಾಶ್ಮೀರದಿಂದ ಬಂದ ಕವಿ ಬಿಲ್ಹಣನಿಗೆ ಆತ 'ವಿದ್ಯಾಪತಿ' ಬಿರುದಿನೊಂದಿಗೆ ನೀಲಿ ಕೊಡೆ, ಆನೆಗಳನ್ನೂ ಕೊಟ್ಟ. ಕೊಡೆಯೆಂದರೆ ಅಂದು ಪದವಿಯ ಗುರುತು.

ಹನ್ನೆರಡನೆಯ ಶತಮಾನದಲ್ಲಿ, ಅದೇ ಊರಿನಲ್ಲಿ ಶರಣರು ಬೇರೆ ದಾರಿ ಹಿಡಿದರು. ಅಂಬಿಗರ ಚೌಡಯ್ಯ, ಆಯ್ದಕ್ಕಿ ಮಾರಯ್ಯ, ಮಡಿವಾಳ ಮಾಚಯ್ಯ. ಇವರ ಹೆಸರಿನ ಮುಂದಿರುವುದು ಕಾಯಕ. ಬಿಜ್ಜಳನ ಭಂಡಾರಿಯಾಗಿದ್ದ ಬಸವರಸ, ಜನರ ಬಾಯಲ್ಲಿ 'ಅಣ್ಣ'ನಾದ.

ಮುಂದೆ ಎರಡೂ ಊರುಗಳು ನಿಜಾಮರ ಸಂಸ್ಥಾನಕ್ಕೆ ಸೇರಿದವು; 1948ರವರೆಗೂ ಅಲ್ಲೇ ಇದ್ದವು. ಅಲ್ಲಿ ಬಿರುದಿಗೂ ಮೆಟ್ಟಿಲುಗಳು: ಜಂಗ್, ಅದರ ಮೇಲೆ ದೌಲಾ, ಮುಲ್ಕ್, ಉಮರಾ, ಜಾಹ್. ದಿವಾನ ಮೀರ್ ತುರಾಬ್ ಅಲಿ ಖಾನರನ್ನು ಇಂದು ಎಷ್ಟು ಜನ ಬಲ್ಲರು? ಸಾಲಾರ್ ಜಂಗ್ ಎಂದರೆ ಎಲ್ಲರಿಗೂ ಗೊತ್ತು. ಬಿರುದು ಹೆಸರನ್ನೇ ನುಂಗಿತ್ತು!

1950ರಲ್ಲಿ ಜಾರಿಗೆ ಬಂದ ಸಂವಿಧಾನದ 18ನೆಯ ವಿಧಿ, ಸರ್ಕಾರ ಬಿರುದು ಕೊಡಬಾರದೆಂದಿತು. ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲ, ಅವನ್ನು ಹೆಸರಿಗೆ ಅಂಟಿಸಿಕೊಳ್ಳಬಾರದು ಎಂದು 1995ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಆ ವಿಧಿಯಲ್ಲಿ ವಿನಾಯಿತಿ ಎರಡಕ್ಕೇ: ಸೈನ್ಯದ ಗೌರವ, ವಿದ್ಯೆಯ ಗೌರವ.

ಪಾಲಕರೇ, ಗಮನಿಸಿ. ರಾಜನ ಬಿರುದು ಬೇಕಾದರೆ ಆಸ್ಥಾನದ ಬಾಗಿಲು ಕಾಯಬೇಕಿತ್ತು. ಕೂಲಿಕಾರನ ಮಗಳು ಓದಿ ಪಡೆಯುವ ಪದವಿಗೆ ಆ ಹಂಗಿಲ್ಲ. ಕೊಡೆ, ಆನೆ ಬರಲಿಕ್ಕಿಲ್ಲ. ಆದರೆ ಅದು ಅವಳದೇ ಕಾಯಕದ ಫಲ.