ಎಸೆದ ನಾಣ್ಯ, ಚಾಚಿದ ಕೈ

ನನ್ನ ಬಾಲ್ಯದಲ್ಲಿ ಊರ ಜಾತ್ರೆಗೆ ಹೋಗುವ ದಾರಿಯ ಇಕ್ಕೆಲಗಳಲ್ಲಿ ಕುಷ್ಠರೋಗಿಗಳು ಸಾಲಾಗಿ ಕುಳಿತಿರುತ್ತಿದ್ದರು. ಅಜ್ಜಿ ನನ್ನ ಕೈಗೆ ಚಿಲ್ಲರೆ ಕೊಟ್ಟು, ‘ದೂರದಿಂದಲೇ ಹಾಕು’ ಎಂದು ಎಚ್ಚರಿಸುತ್ತಿದ್ದರು. ನಾನು ಹಾಗೆಯೇ ಎಸೆಯುತ್ತಿದ್ದೆ. ತಟ್ಟೆಗೆ ಬಿದ್ದ ನಾಣ್ಯದ ಸದ್ದು ಇನ್ನೂ ನೆನಪಿದೆ. ಆ ಮನುಷ್ಯರ ಒಂದು ಮುಖವೂ ನೆನಪಿಲ್ಲ. ದಾನ ಮಾಡಿದೆನೆಂಬ ತೃಪ್ತಿಯಿಂದ ಮನೆಗೆ ಮರಳುತ್ತಿದ್ದೆ. ಆ ತೃಪ್ತಿ ಎಷ್ಟು ಪೊಳ್ಳೆಂಬುದು ಅರಿವಾದದ್ದು ಬಹಳ ವರ್ಷಗಳ ನಂತರ, ಡಾ. ಪಾಲ್ ಬ್ರ್ಯಾಂಡ್ ಅವರ ಬದುಕಿನ ಕುರಿತು ಓದಿದಾಗ.

ಬ್ರ್ಯಾಂಡ್ ಹುಟ್ಟಿದ್ದು 1914ರಲ್ಲಿ, ಇಂದಿನ ತಮಿಳುನಾಡಿನ ಕೊಲ್ಲಿ ಬೆಟ್ಟಗಳಲ್ಲಿ. ತಂದೆ ಜೆಸ್ಸಿ, ತಾಯಿ ಎವೆಲಿನ್ ಅಲ್ಲಿ ಕ್ರೈಸ್ತ ಮಿಷನರಿಗಳಾಗಿದ್ದರು. ಓದಿಗೆಂದು ಇಂಗ್ಲೆಂಡಿಗೆ ಹೋದ ಬಾಲಕ ಮತ್ತೆ ತಂದೆಯನ್ನು ಕಾಣಲಿಲ್ಲ. 1929ರಲ್ಲಿ ಜೆಸ್ಸಿ ಜ್ವರಕ್ಕೆ ಬಲಿಯಾದರು. ಮಗ ಮೊದಲು ಬಡಗಿ ಕೆಲಸ, ಗಾರೆ ಕೆಲಸ ಕಲಿತು, ಅನಂತರ ಲಂಡನ್ನಿನಲ್ಲಿ ಶಸ್ತ್ರವೈದ್ಯರಾಗಿ, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು.

ಚೆಂಗಲ್ಪಟ್ಟಿನ ಕುಷ್ಠಧಾಮದಲ್ಲಿ ಅವರು ರೋಗಿಯೊಬ್ಬನ ಮುರುಟಿದ ಬೆರಳುಗಳ ನಡುವೆ ತಮ್ಮ ಕೈಯಿಟ್ಟು ಹಿಸುಕಲು ಹೇಳಿದರು. ಆ ಹಿಡಿತ ನೋವಾಗುವಷ್ಟು ಬಲವಾಗಿತ್ತು. ಅಂದರೆ ಸ್ನಾಯುಗಳೆಲ್ಲ ಸತ್ತಿರಲಿಲ್ಲ. ಕುಷ್ಠದಲ್ಲಿ ಮಾಂಸ ತಾನಾಗಿ ಕೊಳೆತು ಉದುರುತ್ತದೆಂಬುದು ಆಗಿನ ನಂಬಿಕೆ. ರೋಗಾಣು ನರಗಳನ್ನು ಘಾಸಿಗೊಳಿಸಿ ನೋವಿನ ಅರಿವನ್ನು ಕಸಿಯುತ್ತದೆ. ಅರಿವಿಗೆ ಬಾರದ ಸುಟ್ಟ ಗಾಯ, ಕೊಯ್ದ ಗಾಯಗಳೇ ಬೆರಳುಗಳನ್ನು ತಿನ್ನುತ್ತವೆ ಎಂದು ಬ್ರ್ಯಾಂಡ್ ತೋರಿಸಿಕೊಟ್ಟರು. ಆರೋಗ್ಯವಂತ ಸ್ನಾಯುವಿನ ಸ್ನಾಯುರಜ್ಜುವನ್ನು ಬೆರಳುಗಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆಯಿಂದ ಮುರುಟಿದ ಕೈಗಳು ಮತ್ತೆ ಬಿಚ್ಚಿಕೊಂಡವು.

ಕಥೆ ಇಲ್ಲಿಗೇ ಮುಗಿದಿದ್ದರೆ ಅದೊಂದು ವೈದ್ಯಕೀಯ ಸಾಧನೆ ಮಾತ್ರ ಆಗುತ್ತಿತ್ತು. ಕೈ ಸರಿಹೋದ ಕೆಲವರು ಮರಳಿ ಬಂದು ತೋಡಿಕೊಂಡ ಸಂಕಟ ಬೇರೆಯೇ ಆಗಿತ್ತು. ಕೈ ನೆಟ್ಟಗಾದದ್ದರಿಂದ ಭಿಕ್ಷೆ ಹುಟ್ಟುತ್ತಿರಲಿಲ್ಲ. ಕುಷ್ಠರೋಗಿಯೆಂಬ ಕಳಂಕದಿಂದ ಕೆಲಸವೂ ಸಿಗುತ್ತಿರಲಿಲ್ಲ. ಬ್ರ್ಯಾಂಡ್ ಇದನ್ನು ಕೃತಘ್ನತೆಯೆಂದು ಬಗೆಯಲಿಲ್ಲ. ತಮ್ಮ ಸೇವೆ ಅಪೂರ್ಣವೆಂದು ತಿಳಿದರು. ಮುಂದೆ ವೆಲ್ಲೂರಿನಲ್ಲಿ ‘ನವಜೀವನ ಕೇಂದ್ರ’ ಆರಂಭವಾಯಿತು. ಅಲ್ಲಿ ರೋಗಿಗಳು ಗಾಯವಾಗದಂತೆ ಹತಾರ ಹಿಡಿಯುವುದನ್ನು ಕಲಿತರು. ಯೌವನದಲ್ಲಿ ಕಲಿತ ಬಡಗಿ ವಿದ್ಯೆ ವೈದ್ಯರ ಕೈಹಿಡಿಯಿತು.

ಒಮ್ಮೆ ಅವರು ರೋಗಿಯೊಬ್ಬನ ಭುಜದ ಮೇಲೆ ಕೈಯಿಟ್ಟು ಚಿಕಿತ್ಸೆಯ ವಿವರ ಹೇಳುತ್ತಿದ್ದಾಗ ಆತ ಬಿಕ್ಕಿ ಅಳತೊಡಗಿದ. ತಾವೇನು ತಪ್ಪು ಮಾಡಿದೆವೆಂದು ವೈದ್ಯರಿಗೆ ಗಾಬರಿ. ವರ್ಷಗಟ್ಟಲೆ ಆತನನ್ನು ಯಾರೂ ಮುಟ್ಟಿರಲಿಲ್ಲವೆಂಬುದೇ ಆ ಅಳುವಿನ ಕಾರಣವಾಗಿತ್ತು. ಜಾತ್ರೆಯ ದಾರಿಯಲ್ಲಿ ನಾನು ಎಸೆದ ನಾಣ್ಯಗಳಿಗೆ ಇದಕ್ಕಿಂತ ಕಠಿಣವಾದ ಉತ್ತರ ಬೇಕೆ?

ನಾನು ಕ್ರೈಸ್ತನಲ್ಲ. ಸೇವೆಯ ಹಿಂದೆ ಮತಪ್ರಚಾರವಿದೆಯೆಂಬ ಆಕ್ಷೇಪವನ್ನು ಬಲ್ಲೆ. ಅದು ಚರ್ಚೆಗೆ ಅರ್ಹವಾದದ್ದೇ. ಬ್ರ್ಯಾಂಡ್ ತಮ್ಮ ನಂಬಿಕೆಯನ್ನು ಎಂದೂ ಮುಚ್ಚಿಟ್ಟವರಲ್ಲ. ಯೇಸು ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿದನೆಂಬ ಸುವಾರ್ತೆಯ ಪ್ರಸಂಗ ಅವರಿಗೆ ಬರಿಯ ಕಥೆಯಾಗಿರಲಿಲ್ಲ, ದಿನನಿತ್ಯದ ಕೆಲಸವಾಗಿತ್ತು. ಆದರೆ ಒಂದು ಸರಳ ಪ್ರಶ್ನೆಯನ್ನು ನಾನು ತಪ್ಪಿಸಿಕೊಳ್ಳಲಾರೆ. ಅವರು ಬರುವ ಮೊದಲೂ ಆ ರೋಗಿಗಳು ನಮ್ಮವರೇ ಆಗಿದ್ದರಲ್ಲವೇ? ಅವರನ್ನು ಮುಟ್ಟಲು ನಮ್ಮನ್ನು ತಡೆದವರಾರು?

ತಾಯಿ ಎವೆಲಿನ್ ಅವರ ಬದುಕು ಇನ್ನೂ ಅಚ್ಚರಿಯದು. ಎಪ್ಪತ್ತರ ಹೊಸ್ತಿಲಲ್ಲಿ ಮಿಷನ್ ನಿವೃತ್ತಿ ಕೊಟ್ಟಾಗ ಅವರು ತಮ್ಮಷ್ಟಕ್ಕೆ ತಾವೇ ಬೆಟ್ಟ ಹತ್ತಿ, ತಟ್ಟುಗುದುರೆಯ ಮೇಲೆ ಹಳ್ಳಿಯಿಂದ ಹಳ್ಳಿಗೆ ಸುತ್ತಿದರು. 1974ರಲ್ಲಿ, 95ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಯ ಎರಡು ದಶಕ ಅವರ ಮನೆಯಲ್ಲಿ ಕನ್ನಡಿಯೇ ಇರಲಿಲ್ಲವೆಂದು ಮಗ ಬರೆದಿದ್ದಾರೆ. ನಿಸ್ವಾರ್ಥವೆಂಬ ಸವೆದ ಪದಕ್ಕೆ ಇದಕ್ಕಿಂತ ನೇರವಾದ ಅರ್ಥವನ್ನು ನಾನು ಕಂಡಿಲ್ಲ.

ಬ್ರ್ಯಾಂಡ್ 2003ರಲ್ಲಿ ನಿಧನರಾದರು. ಕುಷ್ಠ ಇಂದು ಬಹುಔಷಧ ಚಿಕಿತ್ಸೆಯಿಂದ ಸಂಪೂರ್ಣ ಗುಣವಾಗುವ ರೋಗ. ಬ್ರಿಟಿಷರ ಕಾಲದ 1898ರ ಕುಷ್ಠರೋಗಿಗಳ ಕಾಯ್ದೆ 2016ರಲ್ಲಿ ರದ್ದಾಯಿತು. ವಿಚ್ಛೇದನಕ್ಕೆ ಕುಷ್ಠವನ್ನು ಕಾರಣವಾಗಿಸಿದ್ದ ಕಲಮುಗಳನ್ನು 2019ರಲ್ಲಿ ತೆಗೆದುಹಾಕಲಾಯಿತು. ಆದರೂ ಜಗತ್ತಿನ ಹೊಸ ಪ್ರಕರಣಗಳಲ್ಲಿ ಅರ್ಧಕ್ಕೂ ಹೆಚ್ಚು ಭಾರತದಲ್ಲಿಯೇ ಪತ್ತೆಯಾಗುತ್ತಿವೆ. ಕಳಂಕಕ್ಕೆ ಹೆದರಿ ಮೊದಲ ಮಚ್ಚೆಯನ್ನು ಬಚ್ಚಿಡುವವರು ಚಿಕಿತ್ಸೆಗೆ ಬರುವ ಹೊತ್ತಿಗೆ ನರಗಳು ಸತ್ತಿರುತ್ತವೆ. ಮಾತ್ರೆಯನ್ನು ಸರ್ಕಾರ ಉಚಿತವಾಗಿ ಕೊಡಬಲ್ಲದು. ಆ ಹೆದರಿಕೆಯನ್ನು ತೆಗೆಯಬೇಕಾದವರು ನಾವು.

ಅಜ್ಜಿಯನ್ನು ನಾನು ದೂರುವುದಿಲ್ಲ. ತಮಗೆ ತಿಳಿದಷ್ಟು ಕರುಣೆಯನ್ನು ಅವರು ನನಗೆ ಕಲಿಸಿದರು. ಅವರು ನಿಲ್ಲಿಸಿದ ಆ ದೂರದಿಂದ ಒಂದು ಹೆಜ್ಜೆ ಮುಂದಿಡುವುದು ನನಗೆ ಬಿಟ್ಟದ್ದಾಗಿತ್ತು. ಅಷ್ಟು ಮಾಡಲು ನಾನು ಇಷ್ಟು ವರ್ಷ ತೆಗೆದುಕೊಂಡೆ.